17 ಶಾಸಕರ ಕೇಸ್: ಕಡುಬಿನ ಬಾಜಿ ಗೆದ್ದವರು ಯಾರು?

ಮೂಡಿಗೆರೆ ತೋಟದವನು:
ಬೆಳಿಗ್ಗೆ ಕಣದಲ್ಲಿ ಕಾಫಿ ಹರವುವಾಗ ನನಗೂ ಭಾವನಿಗೂ ಜಗಳ ಹತ್ತಿತು. 2019ರಲ್ಲಿ ಸ್ಪೀಕರ್ ರಮೇಶ್ ಕುಮಾರ್ ಪಕ್ಷಾಂತರ ನಿಷೇಧ ಕಾನೂನಿನಡಿ 17 ಶಾಸಕರನ್ನು ಅನರ್ಹಗೊಳಿಸಿದ್ದರಲ್ಲ, ಅದನ್ನು ಸುಪ್ರೀಂ ಕೋರ್ಟ್ ಒಪ್ಪಿತು ಅಂತ ನಾನು. ಎಲ್ಲಿ ಒಪ್ಪಿತು, ಅವರೆಲ್ಲ ಮತ್ತೆ ಚುನಾವಣೆಗೆ ನಿಲ್ಲಲಿಲ್ವಾ ಅಂತ ಭಾವ. ಕಡುಬಿನ ಬಾಜಿ ಕಟ್ಟಿದ್ದೇವೆ. ಯಾರು ಸರಿ?

ಹಾಸನದ ಕರಿಕೋಟು:
ಇಬ್ಬರೂ ಅರ್ಧರ್ಧ. ನವೆಂಬರ್ 13ರ ತೀರ್ಪು ಅನರ್ಹತೆಯನ್ನು ಉಳಿಸಿತು. ಆದರೆ ಆ ವಿಧಾನಸಭೆಯ ಅವಧಿ ಮುಗಿಯುವ ತನಕ ನಿಲ್ಲುವಂತಿಲ್ಲ ಅನ್ನೋ ಭಾಗವನ್ನು ತೆಗೆದುಹಾಕಿತು. ಡಿಸೆಂಬರ್‌ನಲ್ಲೇ 15 ಕಡೆ ಉಪಚುನಾವಣೆ. ಜಾಸ್ತಿ ಜನ ಹೊಸ ಚಿಹ್ನೆಯಲ್ಲಿ ಗೆದ್ದೇ ಬಂದರು.

1985ರಲ್ಲಿ ಈ ಕಾನೂನು ಬಂದಾಗ ಕೋರ್ಟು ತಲೆಹಾಕುವಂತಿಲ್ಲ ಅಂತಲೇ ಬರೆದಿದ್ದರು. 1992ರ ಕಿಹೋಟೊ ಹೊಲೊಹಾನ್ ಕೇಸಿನಲ್ಲಿ ಆ ಸಾಲು ಬಿದ್ದುಹೋಯಿತು. ಈಗ ಮೊದಲು ತೀರ್ಮಾನಿಸೋದು ಸ್ಪೀಕರ್, ಆಮೇಲೆ ಅದನ್ನು ಒರೆಗೆ ಹಚ್ಚೋದು ಕೋರ್ಟು. 2010ರಲ್ಲಿ ಇಲ್ಲೇ 16 ಶಾಸಕರನ್ನು ಅನರ್ಹಗೊಳಿಸಿದ್ದನ್ನು ಮರುವರ್ಷ ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು.

ಕಡೂರಿನ ನಿವೃತ್ತ ಮೇಷ್ಟ್ರು:
ಸ್ಪೀಕರ್ ಸುಮ್ನೆ ಫೈಲ್ ಮೇಲೆ ಕೂತುಬಿಟ್ಟರೆ? ರೋಗ ಇರೋದೇ ಅಲ್ಲಿ. ಅವರೂ ಒಂದು ಪಕ್ಷದಿಂದ ಬಂದವರೇ, ಅಲ್ವಾ?

ಹಾಸನದ ಕರಿಕೋಟು:
ನಿಜ ಸಾರ್. ಮಣಿಪುರದ ಕೇಸಿನಲ್ಲಿ, 2020ರಲ್ಲಿ, ಸಾಮಾನ್ಯವಾಗಿ 3 ತಿಂಗಳಲ್ಲಿ ಮುಗಿಸಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಸ್ಪೀಕರ್ ಬದಲು ಸ್ವತಂತ್ರ ನ್ಯಾಯಮಂಡಳಿ ಇರಲಿ, ಸಂಸತ್ತು ಯೋಚಿಸಲಿ ಅಂತಲೂ ಹೇಳಿತು.

ಮೂಡಿಗೆರೆ ತೋಟದವನು:
ಭಾವನಿಗೆ ಓದಿ ಹೇಳಿದೆ. 'ನಾನು ಹೇಳಿದ್ದೂ ಅದೇ' ಅಂತ ಆಗಲೇ ಪಕ್ಷ ಬದಲಿಸಿದರು. ಕಡುಬಿನ ದುಡ್ಡು ಮಾತ್ರ ಇನ್ನೂ ಬಂದಿಲ್ಲ.