ಅಪ್‌ಡೇಟ್: ಮ್ಯಾಮೊಗ್ರಾಮ್ ನಾರ್ಮಲ್, ಆದರೂ ಕೈಗೆ ಗಂಟು

ಅಕ್ಕನ ಎದೆಯಲ್ಲಿ ಗಂಟು ಕೈಗೆ ಸಿಗುತ್ತಿದೆ, ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮಾತ್ರ ನಾರ್ಮಲ್, ಏನು ಮಾಡಲಿ ಎಂದು ಕೇಳಿದ್ದೆ. ಅಲ್ಟ್ರಾಸೌಂಡ್ ಮಾಡಿಸಿ ಎಂದವರಿಗೆ ತುಂಬಾ ಥ್ಯಾಂಕ್ಸ್. ಅದರಲ್ಲೇ ಗಂಟು ಸರಿಯಾಗಿ ಕಾಣಿಸಿತು. ಮ್ಯಾಮೊಗ್ರಾಮನ್ನೇ ಇನ್ನೊಮ್ಮೆ ತೆಗೆಸಿದ್ದರಿಂದ ಉಪಯೋಗವಾಗಲಿಲ್ಲ.

ಕಾರಣ ಕೇಳಿ ಆಶ್ಚರ್ಯವಾಯಿತು. ಅಕ್ಕನದು ದಟ್ಟ ಸ್ತನ, ಅಂದರೆ ಕೊಬ್ಬು ಕಡಿಮೆ, ಗ್ರಂಥಿ ಜಾಸ್ತಿ. ಮ್ಯಾಮೊಗ್ರಾಮಿನಲ್ಲಿ ಕೊಬ್ಬು ಕಪ್ಪಗೆ ಕಾಣುತ್ತದೆ, ಗ್ರಂಥಿಯೂ ಗಡ್ಡೆಯೂ ಬೆಳ್ಳಗೆ. ಬಿಳಿಯೊಳಗೆ ಬಿಳಿ ಹುಡುಕುವುದು ಕಷ್ಟ ಅಲ್ವಾ? ಈ ದಟ್ಟತೆ ಮುಟ್ಟಿದರೆ ಗೊತ್ತಾಗುವುದಿಲ್ಲ. ರಿಪೋರ್ಟಿನಲ್ಲಿ ಸಿ ಅಥವಾ ಡಿ ಎಂದು ಬರೆದಿದ್ದರೆ ದಟ್ಟ ಎಂದರ್ಥ.

ಅಲ್ಟ್ರಾಸೌಂಡ್ ನೋಡಿಕೊಂಡೇ ಸೂಜಿಯಿಂದ ಬಯಾಪ್ಸಿ ತೆಗೆದರು. ಕ್ಯಾನ್ಸರೇ. ಆದರೆ ಚಿಕ್ಕದು, ಕಂಕುಳಿಗೆ ಹರಡಿಲ್ಲ. ಮುಂದಿನ ವಾರ ಆಪರೇಷನ್.

ಹಾಗಂತ ಯಾರೂ ಮ್ಯಾಮೊಗ್ರಾಮ್ ಬಿಡಬೇಡಿ. ಕೆಲವೊಮ್ಮೆ ಕ್ಯಾನ್ಸರಿನ ಮೊದಲ ಸುಳಿವಾಗುವ ಸುಣ್ಣದ ಸಣ್ಣ ಚುಕ್ಕೆಗಳು ಅದರಲ್ಲೇ ಚೆನ್ನಾಗಿ ಕಾಣುವುದು.