ಕೊರೆದು ಮುಗಿಸಿದ ಕಡೆ ಸುರಂಗದ ಛಾವಣಿ ಯಾಕೆ ಕುಸಿಯುತ್ತದೆ?

ಹಾಸನದವ:
ನನ್ನ ಬಾಮೈದ ಡಿಪ್ಲೊಮಾ ಮುಗಿಸಿ ಉತ್ತರಾಖಂಡದ ಒಂದು ಸುರಂಗದಲ್ಲಿ ಸರ್ವೆ ಕೆಲಸಕ್ಕೆ ಸೇರಿದ್ದಾನೆ. ಅತ್ತೆಗೆ ನಿದ್ದೆ ಇಲ್ಲ. 2023ರಲ್ಲಿ ಅದೇ ರಾಜ್ಯದ ಸಿಲ್ಕ್ಯಾರಾ ಸುರಂಗ ಕುಸಿದು 41 ಕೆಲಸಗಾರರು ಒಳಗೆ ಸಿಕ್ಕಿಕೊಂಡ ಸುದ್ದಿ ಅವರ ತಲೆಯಲ್ಲಿ ಕೂತುಬಿಟ್ಟಿದೆ. ನನಗೂ ಒಂದು ಅರ್ಥವಾಗಿಲ್ಲ. ಆ 41 ಜನ ಇದ್ದದ್ದು ತುಂಬಾ ಒಳಗೆ. ಕುಸಿದದ್ದು ಬಾಯಿಯಿಂದ ಬರೀ ಇನ್ನೂರು ಚಿಲ್ಲರೆ ಮೀಟರ್ ದೂರದಲ್ಲಿ, ಯಾವಾಗಲೋ ಕೊರೆದು ಕಾಂಕ್ರೀಟ್ ಹೊಡೆದಿದ್ದ ಕಡೆ. ಹೊಸದಾಗಿ ಕೊರೆಯುವ ಕಡೆ ತಾನೇ ಬೀಳಬೇಕಿತ್ತು?

ಗುಡ್ಡ ಕೊರೆದವ:
ಹಿಮಾಲಯದ ಸುರಂಗಗಳಲ್ಲಿ ಆರು ವರ್ಷ ಭೂವಿಜ್ಞಾನಿಯಾಗಿದ್ದೆ. ಈಗ ಊರಲ್ಲಿ ಅಡಿಕೆ ತೋಟ.

ನೀವು ಹೇಳಿದ ಕಾಂಕ್ರೀಟು, ಅಂದರೆ ಕೊರೆದ ಕಲ್ಲಿನ ಮೇಲೆ ರಭಸವಾಗಿ ಸಿಂಪಡಿಸುವ ಶಾಟ್‌ಕ್ರೀಟ್, ಬೆಟ್ಟವನ್ನು ಹೊತ್ತು ನಿಂತಿದೆ ಅಂದುಕೊಳ್ಳಬೇಡಿ. ಒಂದು ಗೇಣೂ ದಪ್ಪ ಇಲ್ಲದ ಪದರ ಅದು, ಬೆಟ್ಟ ಎಲ್ಲಿ ಹೊರುತ್ತದೆ! ಹಳೇ ಮನೆಯ ಕಮಾನು ಬಾಗಿಲಿನ ಥರ ಬಂಡೆಯೇ ಒಂದಕ್ಕೊಂದು ಒತ್ತಿಕೊಂಡು ನಿಲ್ಲಬೇಕು. ಕಲ್ಲಿಗೆ ಹೊಡೆಯುವ ಬೋಲ್ಟು, ಶಾಟ್‌ಕ್ರೀಟು, ಕಮಾನಿನಂತೆ ಬಗ್ಗಿಸಿದ ಕಬ್ಬಿಣದ ರಿಬ್ಬು ಎಲ್ಲ ಅದು ಸಡಿಲ ಆಗದಂತೆ ಹಿಡಿಯುವುದಕ್ಕೆ.

ಫಿಲೈಟ್ ಅಂತ ಒಂದು ಕಲ್ಲಿದೆ. ನೆನೆದ ಪುಸ್ತಕದ ಹಾಳೆ ಥರ ಬೆರಳಲ್ಲೇ ಬಿಡಿಸಬಹುದು. ಅಂಥ ಕಡೆ ಭಾರ ಒಂದೇ ದಿನ ಬರುವುದಿಲ್ಲ. ವಾರ, ತಿಂಗಳುಗಟ್ಟಲೆ ಬರುತ್ತಲೇ ಇರುತ್ತದೆ. ಗೋಡೆ ಒಳಕ್ಕೆ ಸರಿಯುತ್ತದೆ, ರಿಬ್ಬು ಡೊಂಕಾಗುತ್ತದೆ. ಎಲ್ಲ ಆದ ಮೇಲೆ ಒಳಗೆ ಹಾಕುವ ಕೊನೆಯ ಕಾಂಕ್ರೀಟ್ ಪದರಕ್ಕೆ ಜಾಗ ಸಾಲದೆ ಹಳೇ ಶಾಟ್‌ಕ್ರೀಟ್ ಒಡೆದು, ರಿಬ್ಬು ಕತ್ತರಿಸಿ ಮತ್ತೆ ಅಗಲ ಮಾಡಬೇಕು. ಇದಕ್ಕೆ ರೀಪ್ರೊಫೈಲಿಂಗ್ ಅನ್ನುತ್ತಾರೆ. ನನ್ನ ಪ್ರಕಾರ ಹೊಸದಾಗಿ ಕೊರೆಯುವುದಕ್ಕಿಂತ ಇದೇ ಜಾಸ್ತಿ ಅಪಾಯ. ಆಗಲೇ ಸಡಿಲವಾದ ಕಲ್ಲಿನ ಆಸರೆಯನ್ನೇ ಕೀಳುತ್ತೀರಿ, ಅಲ್ವಾ? ಸಿಲ್ಕ್ಯಾರಾದಲ್ಲಿ ಕುಸಿದ ಭಾಗದಲ್ಲೂ ಈ ಕೆಲಸವೇ ನಡೆಯುತ್ತಿತ್ತು. ಬಿದ್ದ ಮಣ್ಣುಕಲ್ಲು ಸುಮಾರು 60 ಮೀಟರ್ ಉದ್ದ ದಾರಿ ಮುಚ್ಚಿತು. ಹೊರಗೆ ಬರಲು 17 ದಿನ. ಬಿದ್ದ ರಾಶಿಯನ್ನು ಅಡ್ಡಲಾಗಿ ಕೊರೆಯುತ್ತಿದ್ದ ಆಗರ್ ಯಂತ್ರ ಮುರಿದ ಮೇಲೆ ಕೊನೆಯ ಹತ್ತು ಹನ್ನೆರಡು ಮೀಟರ್ ಕೈಯಲ್ಲೇ ಅಗೆದರು.

ನನ್ನದೇ ಒಂದು ಹೇಳ್ತೇನೆ. ಒಂದು ಕಡೆ ಕ್ರೌನ್, ಅಂದರೆ ಛಾವಣಿಯ ನೆತ್ತಿ, ಎಷ್ಟು ಇಳಿಯುತ್ತಿದೆ ಅನ್ನುವ ರೀಡಿಂಗ್ ದಿನಕ್ಕೆ 3 ಮಿಲಿಮೀಟರ್ ಇದ್ದದ್ದು 9ಕ್ಕೆ ಹೋಯಿತು. ಶಾಟ್‌ಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು. ಅದರ ಮೇಲೆ ಅಡ್ಡಲಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ ತಾರೀಕು ಬರೆದೆ. ಬೆಳಿಗ್ಗೆ ನೋಡಿದರೆ ತಾರೀಕಿನ ನಡುವೆಯೇ ಸೀಳಿತ್ತು. ಕೆಲಸ ನಿಲ್ಲಿಸಿ ಅಂದೆ. "ಈ ರೌಂಡ್ ಮುಗಿಯಲಿ" ಅಂದರು ಮೇಲಿನವರು. ಶಿಫ್ಟ್ ಬದಲಾಗುವ ಹೊತ್ತಿಗೆ ಬಿತ್ತು. ಯಾರೂ ಕೆಳಗಿರಲಿಲ್ಲ, ಅಷ್ಟೇ. ಟಾರ್ಚ್ ಬಿಟ್ಟರೆ ಮೇಲೆ ಚಿಮಣಿ ಥರ ತೂತು, ತುದಿ ಕಾಣಲಿಲ್ಲ.

ಕೋಲಾರದವ:
ನಮ್ಮಪ್ಪ ಕೆಜಿಎಫ್‌ನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿದ್ದರು. ಅಲ್ಲಿ 3 ಕಿಲೋಮೀಟರ್‌ಗಿಂತ ಆಳ, ಕಲ್ಲು ಗಟ್ಟಿ. ಆದರೂ ರಾಕ್ ಬರ್ಸ್ಟ್, ಅಂದರೆ ಕಲ್ಲು ಸಿಡಿಯುವುದು, ಆಗುತ್ತಿತ್ತು. ಕೆಲವು ಸಲ ನಮ್ಮ ಮನೆಯ ಪಾತ್ರೆ ಅಲ್ಲಾಡುತ್ತಿತ್ತು. ಗಟ್ಟಿ ಕಲ್ಲಾದರೆ ಭಯ ಇಲ್ಲ ಅನ್ನುವುದು ಸುಳ್ಳು ತಾನೇ?

ಗುಡ್ಡ ಕೊರೆದವ:
ನಿಜ ಸರ್. ಆಳದಲ್ಲಿ ಗಟ್ಟಿ ಕಲ್ಲು ಒತ್ತಡ ತಡೆದು ತಡೆದು ಒಂದೇ ಸಲ ಸಿಡಿಯುತ್ತದೆ. ಮೆತ್ತನೆ ಕಲ್ಲು ಹೆಚ್ಚಾಗಿ ಹೇಳಿ ಬೀಳುತ್ತದೆ, ಕೇಳುವವರು ಬೇಕು. ಸಬ್ಬಲಿನಿಂದ ತಟ್ಟಿದರೆ ಒಳ್ಳೆ ಕಲ್ಲು ಟಣ್ ಅನ್ನುತ್ತದೆ, ಬಿಟ್ಟುಕೊಂಡದ್ದು ಡಬ್ ಅನ್ನುತ್ತದೆ. ನೀರು ಬಂದರೆ ಮಾತ್ರ ಆಟವೇ ಬೇರೆ. ರೋಹ್ತಾಂಗ್‌ನ ಅಟಲ್ ಸುರಂಗ 9.02 ಕಿಲೋಮೀಟರ್. ಅದರಲ್ಲಿ ಸೇರಿ ನಾಲಾ ಅನ್ನುವ ಹಳ್ಳದ ಹತ್ತಿರದ, ನೀರು ನುಗ್ಗುತ್ತಿದ್ದ 587 ಮೀಟರ್ ಹಾಳು ಕಲ್ಲನ್ನು ದಾಟುವುದಕ್ಕೇ ವರ್ಷಗಳು ಹಿಡಿದವು.

ಹಾಸನದವ:
ಹಾಗಾದರೆ ಹುಡುಗನಿಗೆ ಏನು ಹೇಳಲಿ? ವಾಪಸ್ ಬಾ ಅನ್ನಲಾ?

ಗುಡ್ಡ ಕೊರೆದವ:
ಬೇಡ. ಸರ್ವೆಯವನು ಅಂದರೆ ಆ ಮಿಲಿಮೀಟರ್ ಲೆಕ್ಕ ಅವನ ಕೈಯಲ್ಲೇ ಇರಬಹುದು. ರೀಡಿಂಗ್ ಜಾಸ್ತಿ ಬಂದರೆ "ಯಂತ್ರ ತಪ್ಪಿರಬೇಕು" ಅಂತ ತಿದ್ದಬಾರದು, ಯಾರು ಹೇಳಿದರೂ. ತಿಳಿ ನೀರು ಸೋರುತ್ತಿದ್ದ ಕಡೆ ಕೆಸರು ಬಂದರೆ ಟ್ರೈಪಾಡ್ ಅಲ್ಲೇ ಬಿಟ್ಟು ಓಡಲಿ. ಆಮೇಲೆ, ಕುಸಿದರೆ ಒಳಗಿದ್ದವರು ಹೊರಗೆ ಬರಲು ಕೆಟ್ಟ ಕಲ್ಲಿನ ಉದ್ದಕ್ಕೂ ಮನುಷ್ಯ ತೂರುವಷ್ಟು ದೊಡ್ಡ ಪೈಪ್ ಇಟ್ಟಿದ್ದಾರಾ ಕೇಳಿ.

ಹಾಸನದವ:
ಈಗ ಫೋನ್ ಮಾಡಿದೆ. ಪೈಪ್ ಇದೆಯಂತೆ, ಆದರೆ ಹೊರಗೆ ಅಂಗಳದಲ್ಲಿ ಬಿದ್ದಿದೆಯಂತೆ. ನಾಳೆ ಕೇಳುತ್ತೇನೆ ಅಂದಿದ್ದಾನೆ. ಅತ್ತೆಗೆ ಇದನ್ನು ಹೇಳಿಲ್ಲ.