ಮೊಬೈಲ್ ಡೇಟಾದಲ್ಲೇ ಇಡೀ ಮನೆಯ ನೆಟ್: ಬೂಸ್ಟರ್ ಬೇಕಾ, ಆಂಟೆನಾ ಬೇಕಾ?

ಹೊಲದಂಚು:
ಫೈಬರ್ ಬರುವ ಲಕ್ಷಣ ಇಲ್ಲ, ಸಿಮ್ ಹಾಕಿದ ರೂಟರೇ ಗತಿ. ಮನೆಯಲ್ಲಿ ಐದು ಜನ. ಎರಡು ಲ್ಯಾಪ್‌ಟಾಪ್‌ನಲ್ಲಿ ಹಗಲಿಡೀ ವಿಡಿಯೋ ಕಾಲ್, ಒಂದು ಟಿವಿ, ಎರಡು ಸಿಸಿಟಿವಿ ಕ್ಯಾಮೆರಾ. ಕ್ಯಾಟ್ 4 (4ಜಿ ವೇಗದ ಒಂದು ದರ್ಜೆ) ರೂಟರ್ ಕಿಟಕಿ ಪಕ್ಕ ಇದೆ. ಬ್ಯಾಂಡ್ (ಟವರ್ ಬಳಸುವ ತರಂಗಪಟ್ಟಿ) 3, ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) -108, ಎಸ್‌ಐಎನ್‌ಆರ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನೋದು, ಹೆಚ್ಚಿದಷ್ಟೂ ಒಳ್ಳೆಯದು) 4. ಬೆಳಗಿನ ಜಾವ 18 ಎಂಬಿಪಿಎಸ್ ಸಿಗುತ್ತೆ, ರಾತ್ರಿ ಎಂಟಾದ ಮೇಲೆ 2ಕ್ಕೆ ಬೀಳುತ್ತೆ. ಬೂಸ್ಟರ್ ಹಾಕಿದರೆ ಸರಿಹೋಗುತ್ತಾ, ಇಲ್ಲ ರೂಟರನ್ನೇ ಬದಲಿಸಬೇಕಾ?

ಡೆಸಿಬೆಲ್:
ಬೂಸ್ಟರ್ ಬೇಡ. ಅದು ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸುತ್ತೆ, ಹಾಗಾಗಿ ಕಡ್ಡಿ ಹೆಚ್ಚಾದರೂ ಎಸ್‌ಐಎನ್‌ಆರ್ ಇದ್ದಲ್ಲೇ ಇರುತ್ತೆ. ಅಗ್ಗದವು ಒಂದೇ ಆಂಟೆನಾದವು, ಎರಡು ಆಂಟೆನಾದಲ್ಲಿ ಒಟ್ಟಿಗೆ ಡೇಟಾ ಸಾಗಿಸುವ ಮಿಮೊ ಕೆಟ್ಟುಹೋಗುತ್ತೆ. ಅನುಮತಿಯಿಲ್ಲದೆ ಹಾಕುವುದು ಹಲವು ದೇಶಗಳಲ್ಲಿ ಅಪರಾಧ ಕೂಡ.

ನಿಮ್ಮದು ಎರಡು ಬೇರೆ ಬೇರೆ ತೊಂದರೆ, ಒಂದೇ ಮದ್ದಿಗೆ ಬಗ್ಗಲ್ಲ. -108, 4 ಅಂದರೆ ಸಿಗ್ನಲ್ಲೇ ಬಡಕಲು, ಅದಕ್ಕೆ ಆಂಟೆನಾ ಇದೆ. ರಾತ್ರಿ ಬೀಳೋದು ಟವರ್ ಮೇಲಿನ ಜನಜಂಗುಳಿ. ಪರೀಕ್ಷೆ ಸುಲಭ: ಬೆಳಗ್ಗೆ 5ಕ್ಕೂ ರಾತ್ರಿ 9ಕ್ಕೂ ರೂಟರ್ ಪುಟದ ಅಂಕಿ ಬರೆದಿಡಿ. ಆರ್‌ಎಸ್‌ಆರ್‌ಪಿ ಅಷ್ಟೇ ಇದ್ದು ಆರ್‌ಎಸ್‌ಆರ್‌ಕ್ಯೂ (ಸಿಗ್ನಲ್ ಗುಣಮಟ್ಟ) -9ರಿಂದ -15ರ ಕಡೆ ಜಾರಿದ್ದರೆ ಸೆಲ್ (ಟವರ್‌ನ ಒಂದು ದಿಕ್ಕಿನ, ಒಂದು ಬ್ಯಾಂಡಿನ ಭಾಗ) ಬಹುತೇಕ ತುಂಬಿದೆ ಅಂತ ಅರ್ಥ. ಅದೇ ಸೆಲ್ ಕಡೆ ಎಷ್ಟು ದೊಡ್ಡ ಆಂಟೆನಾ ತಿರುಗಿಸಿದರೂ ರಾತ್ರಿಯ ವೇಗ ಅಷ್ಟಾಗಿ ಏರಲ್ಲ. ಬೇರೆ ಬ್ಯಾಂಡ್, ಬೇರೆ ಟವರ್ ಅಥವಾ ಬೇರೆ ಕಂಪನಿ ಹುಡುಕಬೇಕು.

ಏನನ್ನೂ ಕೊಳ್ಳುವ ಮೊದಲು ಫೋನ್ ಹಿಡಿದು ಮಹಡಿ ಹತ್ತಿ. ಸೆಲ್ ಮಾಹಿತಿ ತೋರಿಸುವ ಆ್ಯಪ್ ಹಾಕಿ, ನಾಲ್ಕು ಮೂಲೆಯಲ್ಲೂ ಎರಡೆರಡು ನಿಮಿಷ ನಿಂತು ಬ್ಯಾಂಡ್, ಎಸ್‌ಐಎನ್‌ಆರ್, ಸೆಲ್ ಐಡಿ ಗುರುತು ಹಾಕಿಕೊಳ್ಳಿ. 4ಜಿಯ ಉದ್ದನೆ ಸೆಲ್ ಐಡಿಯನ್ನು 256ರಿಂದ ಭಾಗಿಸಿದಾಗ ಬರುವ ಪೂರ್ಣಾಂಕವೇ ಟವರ್ ಸಂಖ್ಯೆ. ಅದು ಬದಲಾದರೆ ಮಾತ್ರ ನಿಜಕ್ಕೂ ಬೇರೆ ಟವರ್. ಬೇರೆ ಕಂಪನಿಗಳ ಸಿಮ್ ಹಾಕಿಯೂ ನೋಡಿ.

ಇನ್ನು ರೂಟರ್. ಕ್ಯಾಟ್ 4 ಒಂದು ಸಲಕ್ಕೆ ಒಂದೇ ಬ್ಯಾಂಡ್ ಹಿಡಿಯೋದು. ಕ್ಯಾಟ್ 6 ಎರಡನ್ನು ಸೇರಿಸುತ್ತೆ, ಕ್ಯಾಟ್ 12 ಮೂರನ್ನೂ ಸೇರಿಸಬಲ್ಲದು. ತುಂಬಿದ ಟವರ್‌ನಲ್ಲಿ ಇದರಿಂದಲೇ ದೊಡ್ಡ ಲಾಭ. ಬೇಕಾದ ಬ್ಯಾಂಡಿಗೇ ಕಟ್ಟಿಹಾಕುವ ಬ್ಯಾಂಡ್ ಲಾಕ್ ಸೌಲಭ್ಯ ಇದೆಯೇ ಅಂತ ಕೊಳ್ಳುವ ಮುನ್ನವೇ ನೋಡಿಕೊಳ್ಳಿ. ಇಲ್ಲದಿದ್ದರೆ ರೂಟರ್ ದೂರ ಹರಡುವ 800, 900 ಮೆಗಾಹರ್ಟ್ಸ್‌ಗೆ ಜೋತುಬಿದ್ದು ಕೂತುಬಿಡುತ್ತೆ. ಅಲ್ಲಿ ಕಡ್ಡಿ ಜಾಸ್ತಿ, ದಾರಿ ಕಿರಿದು.

ತಂತಿಗಂಟು:
ಸಿಸಿಟಿವಿ ಬಗ್ಗೆ ಯಾರೂ ಮಾತಾಡಿಲ್ಲ. ಡೇಟಾ ನುಂಗುತ್ತಿರುವುದು ಅವೇ ಇರಬಹುದು. ಒಂದು ಕ್ಯಾಮೆರಾ 2 ಎಂಬಿಪಿಎಸ್‌ನಲ್ಲಿ ಬಿಡುವಿಲ್ಲದೆ ಕ್ಲೌಡ್‌ಗೆ ಕಳಿಸಿದರೆ ದಿನಕ್ಕೆ 21.6 ಜಿಬಿ, ಎರಡಕ್ಕೆ 43ರ ಮೇಲೆ. ಅದೂ ಅಪ್‌ಲೋಡ್, ಮೊಬೈಲ್ ನೆಟ್‌ನಲ್ಲಿ ಮೊದಲೇ ಸೊರಗಿರುವ ಕಡೆ. ರೆಕಾರ್ಡಿಂಗ್ ಮೆಮೊರಿ ಕಾರ್ಡಿಗೋ ಎನ್‌ವಿಆರ್‌ಗೋ (ಮನೆಯಲ್ಲೇ ಇಡುವ ರೆಕಾರ್ಡರ್) ಹೋಗಲಿ. ಚಲನೆ ಕಂಡಾಗಿನ ತುಣುಕು ಮಾತ್ರ ಹೊರಗೆ. ದೂರದಿಂದ ನೋಡಲು ಸಬ್‌ಸ್ಟ್ರೀಮ್ (ಕ್ಯಾಮೆರಾ ಕಳಿಸುವ ಚಿಕ್ಕ ಗಾತ್ರದ ವಿಡಿಯೋ) ಇಟ್ಟುಕೊಳ್ಳಿ, 640×360 ಸಾಕು.

ಟಿವಿ 4ಕೆಗೆ ಹೋದರೆ ಗಂಟೆಗೆ 7 ಜಿಬಿವರೆಗೆ, ಎಚ್‌ಡಿಗೆ 3, ಎಸ್‌ಡಿಗೆ 1. ಇದನ್ನು ಟಿವಿಯಲ್ಲಿ ಅಲ್ಲ, ಆಯಾ ಸೇವೆಯ ಖಾತೆಯ ಸೆಟ್ಟಿಂಗ್‌ನಲ್ಲೇ ಕಟ್ಟಿಹಾಕಿ. ಟಿವಿಯಲ್ಲಿ ಇಳಿಸಿದ್ದನ್ನು ಮನೆಯವರು ಯಾರಾದರೂ ಮತ್ತೆ ಏರಿಸಿಯೇ ಏರಿಸುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ಮನೆಯ ವೈಫೈಯನ್ನು ಮೀಟರ್ಡ್ ಕನೆಕ್ಷನ್ (ಡೇಟಾ ಮಿತಿಯ ಸಂಪರ್ಕ) ಅಂತ ಗುರುತಿಸಿ. ವಿಂಡೋಸ್ ಆಗ ಬಹುತೇಕ ಅಪ್‌ಡೇಟ್‌ಗಳನ್ನು ತಾನಾಗಿ ಇಳಿಸಿಕೊಳ್ಳಲ್ಲ.

ಕ್ಯಾಮೆರಾಗೆ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಕ್ಯಾಮೆರಾ ತಲುಪಲು ರೂಟರಿನಲ್ಲಿ ದಾರಿ ತೆರೆಯುವುದು) ಮಾಡಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಮೊಬೈಲ್ ಕಂಪನಿಗಳು ಸಾವಿರಾರು ಗ್ರಾಹಕರನ್ನು ಹಂಚಿಕೆಯ ಐಪಿ ವಿಳಾಸದ ಹಿಂದೆ ಕೂರಿಸುತ್ತವೆ, ಹೊರಗಿನಿಂದ ಬಾಗಿಲು ತಟ್ಟಲು ಆಗಲ್ಲ. ವೈರ್‌ಗಾರ್ಡ್ (ವಿಪಿಎನ್ ತಂತ್ರಾಂಶ) ಸುರಂಗವನ್ನು ಮನೆಯೊಳಗಿಂದಲೇ ಹೊರಗಿನ ಸರ್ವರ್‌ಗೆ ತೆರೆದು, ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸುರಂಗ ಮುಚ್ಚದಂತೆ ಕಳಿಸುವ ಸಂಕೇತದ ಅಂತರ) 25 ಸೆಕೆಂಡ್ ಇಡಿ. ಸುರಂಗ ತೆರೆದರೂ ಪುಟಗಳು ಅರ್ಧಕ್ಕೆ ನಿಂತರೆ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ ಗರಿಷ್ಠ ಗಾತ್ರ) 1280ಕ್ಕೆ ಇಳಿಸಿ.

ಹೊಲದಂಚು:
ಮಹಡಿಯ ಪೂರ್ವದ ಮೂಲೆಯಲ್ಲಿ ಅದೇ ಕಂಪನಿಯ ಬೇರೆ ಟವರ್ ಸಿಕ್ಕಿತು. ಬ್ಯಾಂಡ್ 1, -97, ಎಸ್‌ಐಎನ್‌ಆರ್ 13. ರಾತ್ರಿ 9ಕ್ಕೂ ಫೋನಲ್ಲಿ 22 ಎಂಬಿಪಿಎಸ್. ಅಲ್ಲಿಂದ ರೂಟರ್ ಇರುವ ಜಾಗಕ್ಕೆ 15 ಮೀಟರ್ ಕೇಬಲ್ ಬೇಕು. ಎಲ್‌ಎಂಆರ್-200 ಆಂಟೆನಾ ಕೇಬಲ್ ಸಾಕಾ?

ಡೆಸಿಬೆಲ್:
ಸಾಲದು. 2100 ಮೆಗಾಹರ್ಟ್ಸ್‌ನಲ್ಲಿ (ಅದೇ ಬ್ಯಾಂಡ್ 1) ಅದು ಮೀಟರಿಗೆ ಅರ್ಧ ಡಿಬಿ (ಡೆಸಿಬೆಲ್, ಸಿಗ್ನಲ್ ಏರಿಳಿತದ ಅಳತೆ) ತಿನ್ನುತ್ತೆ. 15 ಮೀಟರಿಗೆ ಏಳೂವರೆ. 9 ಡಿಬಿಐ ಗಳಿಕೆಯ ಆಂಟೆನಾ ಹಾಕಿದರೂ ಕೈಗೆ ಬರೋದು ಒಂದೂವರೆ. ಎಲ್‌ಎಂಆರ್-400 ಆದರೆ ಒಟ್ಟು 3 ಡಿಬಿ ನಷ್ಟ, ಆದರೆ ಬೆರಳು ದಪ್ಪದ ಎರಡು ಕೇಬಲ್ ಎಳೆಯಬೇಕು.

ಇದಕ್ಕಿಂತ ಆಂಟೆನಾ ಒಳಗೇ ಇರುವ ಹೊರಾಂಗಣ ರೂಟರನ್ನು ಅದೇ ಮೂಲೆಯ ಕಂಬಕ್ಕೆ ಕಟ್ಟಿ, ಕೆಳಗೆ ಈಥರ್ನೆಟ್ ಇಳಿಸಿ. 100 ಮೀಟರ್‌ವರೆಗೆ ವೇಗ ಒಂಚೂರೂ ಕಡಿಮೆಯಾಗಲ್ಲ, ಕರೆಂಟೂ ಪಿಒಇಯಲ್ಲಿ ಅದೇ ತಂತಿಯಲ್ಲಿ ಹೋಗುತ್ತೆ. ತಂತಿಗೆ ಕರೆಂಟ್ ತುಂಬಲು ಜೊತೆಗೆ ಬಂದ ಇಂಜೆಕ್ಟರನ್ನೇ ಬಳಸಿ: 24 ವೋಲ್ಟ್ ಪ್ಯಾಸಿವ್ (ಸಾಧನ ಕೇಳದಿದ್ದರೂ ಕರೆಂಟ್ ಹರಿಸುವ ಬಗೆ) ಘಟಕಕ್ಕೆ 48 ವೋಲ್ಟ್ ಪ್ಯಾಸಿವ್ ಇಂಜೆಕ್ಟರ್ ಸಿಕ್ಕಿಸಿದರೆ ಸುಟ್ಟೇ ಹೋಗಬಹುದು. ಕೇಬಲ್ ಪೂರ್ತಿ ತಾಮ್ರದ್ದಾಗಿರಲಿ. ತಾಮ್ರ ಲೇಪಿಸಿದ ಅಲ್ಯುಮಿನಿಯಂ ಆದರೆ ಉದ್ದ ಹೆಚ್ಚಿದಷ್ಟೂ ವೋಲ್ಟೇಜ್ ಕುಸಿದು ರೂಟರ್ ಆಗಾಗ ತಾನೇ ರೀಸ್ಟಾರ್ಟ್ ಆಗುತ್ತೆ, ಜನ ಸಿಮ್ಮನ್ನು ಬೈಯುತ್ತಾರೆ. ಕಂಬಕ್ಕೆ ಅರ್ಥಿಂಗ್, ತಂತಿ ಮನೆಯೊಳಗೆ ಬರುವ ಕಡೆ ಸರ್ಜ್ ಅರೆಸ್ಟರ್ (ಮಿಂಚಿನ ಹೊಡೆತ ತಗ್ಗಿಸುವ ಸಾಧನ). ತಂತಿ ಒಳಗೆ ಹೋಗುವ ಮುಂಚೆ ಕೆಳಗೊಂದು ಬಳುಕು ಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ.

ಈಗಿನ ರೂಟರೇ ಉಳಿಸಿಕೊಳ್ಳುವುದಾದರೆ ಆಂಟೆನಾ ಎರಡು, ಒಂದು +45, ಇನ್ನೊಂದು -45 ಡಿಗ್ರಿ ಓರೆಯಲ್ಲಿ. ರೂಟರಿನ ಆಂಟೆನಾ ತೂತು ಎಸ್‌ಎಂಎ ಬಗೆಯ ಕನೆಕ್ಟರಾ ನೋಡಿ. ವೈಫೈ ಆಂಟೆನಾಗಳ ಆರ್‌ಪಿ-ಎಸ್‌ಎಂಎ ಅದಕ್ಕೆ ತಿರುಗಿ ಕೂರುತ್ತೆ, ಒಳಗೆ ಪಿನ್ ಮಾತ್ರ ಮುಟ್ಟಲ್ಲ.

ಸಾಲುಬಾವಿ:
22 ಎಂಬಿಪಿಎಸ್ ಬಂದರೂ ಟಿವಿ ಏನಾದರೂ ಇಳಿಸಿಕೊಳ್ಳಲು ಶುರುಮಾಡಿದ ಕೂಡಲೇ ಕಾಲ್ ತೊದಲುತ್ತೆ. ಅದು ಬಫರ್‌ಬ್ಲೋಟ್, ಅಂದರೆ ಡೇಟಾ ಉದ್ದನೆ ಸಾಲಿನಲ್ಲಿ ಕಾಯುವುದು. ಲೈನ್ ತುಂಬಿದಾಗ ಪಿಂಗ್ (ಸಂದೇಶ ಹೋಗಿ ಬರುವ ಸಮಯ) 50 ಮಿಲಿಸೆಕೆಂಡಿನಿಂದ 500ರ ಮೇಲೆ ಹಾರುತ್ತಾ ನೋಡಿ. ಹಾರಿದರೆ ಕಂಬದ ಘಟಕದ ಹಿಂದೆ ಓಪನ್‌ಡಬ್ಲ್ಯೂಆರ್‌ಟಿ (ರೂಟರಿನ ಮುಕ್ತ ತಂತ್ರಾಂಶ) ಹಾಕಿದ ಒಂದು ರೂಟರ್ ಇಟ್ಟು, ಆ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂನಲ್ಲಿ ಕೇಕ್ ಅನ್ನೋ ವಿಧಾನ ಆಯ್ದುಕೊಳ್ಳಿ. ಅದರ ವೇಗದ ಮಿತಿಯನ್ನು ಬೆಳಗಿನ ವೇಗಕ್ಕೆ ಇಡಬೇಡಿ, ರಾತ್ರಿ ಸಿಗುವ ಅತಿ ಕಡಿಮೆಯ ಶೇ. 85ಕ್ಕೆ ಇಡಿ. ಹಗಲಿನ ಹೆಚ್ಚುವರಿ ವೇಗ ಕೈಬಿಟ್ಟುಹೋಗುತ್ತಲ್ಲ ಅನ್ನುವವರಿಗೆ ಕೇಕ್-ಆಟೊರೇಟ್ ಅನ್ನೋ ಸ್ಕ್ರಿಪ್ಟ್ ಇದೆ, ಪಿಂಗ್ ನೋಡಿಕೊಂಡು ಮಿತಿಯನ್ನು ತಾನೇ ಏರಿಳಿಸುತ್ತೆ.

ಎರಡನೇ ಸಿಮ್ ಇಡುವುದಾದರೆ ಬೇರೆ ಕಂಪನಿಯದ್ದನ್ನೇ ಇಡಿ. ಓಪನ್‌ಡಬ್ಲ್ಯೂಆರ್‌ಟಿಯ ಎಂವ್ಯಾನ್3 ತಂತ್ರಾಂಶ ಬಳಸಿ ಲ್ಯಾಪ್‌ಟಾಪ್‌ಗಳನ್ನು ಒಂದಕ್ಕೆ, ಟಿವಿ ಮತ್ತು ಕ್ಯಾಮೆರಾಗಳನ್ನು ಇನ್ನೊಂದಕ್ಕೆ ಹಂಚಿ. ಎರಡರ ವೇಗ ಕೂಡಿ ಒಂದೇ ಕಾಲ್‌ಗೆ ಸಿಗುತ್ತೆ ಅಂದುಕೊಳ್ಳಬೇಡಿ. ಒಂದು ಬಿದ್ದಾಗ ಇನ್ನೊಂದು ಹಿಡಿದುಕೊಳ್ಳುತ್ತೆ, ಆದರೆ ನಡೆಯುತ್ತಿದ್ದ ಕಾಲ್ ಒಮ್ಮೆ ಕಡಿದು ಮತ್ತೆ ಜೋಡಿಸಬೇಕಾಗುತ್ತೆ.